ಬಾಗಿಲ ಕಡೆಯ ಎಳೆ

ಕೋಯಮತ್ತೂರಿನ ಆಸ್ಪತ್ರೆಗೆ ಹೊರಟ ಕಾರು ಕಿಣತ್ತುಕ್ಕಡವು ದಾಟುವಾಗ ವೇದವತಿಯ ರೆಪ್ಪೆ ತಾನಾಗಿಯೇ ಇಳಿಯುತ್ತಿತ್ತು, ಆದರೆ ಅವಳು ಕಣ್ಣು ಮುಚ್ಚುವಂತಿರಲಿಲ್ಲ. ಮುಚ್ಚಿದರೆ ಪಕ್ಕದಲ್ಲಿ ಕೂತ ತಂಗಿ ಗೋಪಿಕಾ ಸಂಜೆ ಮನೆಯಲ್ಲಿ ಅಕ್ಕ ದಾರಿಯುದ್ದಕ್ಕೂ ಮಲಗಿದ್ದಳು ಎಂದುಬಿಡುತ್ತಾಳೆ. ಕೆಟ್ಟ ಮನಸ್ಸಿನಿಂದಲ್ಲ, ಅತ್ತೆ ಕೇಳುತ್ತಾರೆ, ಇವಳು ಹೇಳುತ್ತಾಳೆ, ಅಷ್ಟೆ. ಈ ಒಂದು ದಿನಕ್ಕೆಂದು ವಾರವೆಲ್ಲ ಚಾಪೆಯ ಮೇಲೆ ಬಿದ್ದುಕೊಂಡು ಕೂಡಿಸಿಟ್ಟ ತ್ರಾಣದಲ್ಲಿ ಅರ್ಧ, ಮನೆಯ ಮೆಟ್ಟಿಲಿಳಿದು ಕಾರು ಹತ್ತುವುದರೊಳಗೇ ಖರ್ಚಾಗಿಹೋಗಿತ್ತು. ಅದನ್ನು ಯಾರಿಗೆ ಹೇಳುವುದು? ಹೇಳಿದರೆ, ಮೆಟ್ಟಿಲು ಇರುವುದೇ ಎರಡಲ್ಲವೇ ಎನ್ನುತ್ತಾರೆ. ಅವರು ಹೇಳುವುದರಲ್ಲಿ ತಪ್ಪೇನೂ ಇಲ್ಲ, ಮೆಟ್ಟಿಲು ಇರುವುದು ಎರಡೇ. ಹೊರಗೆ ತೆಂಗಿನ ತೋಟಗಳು ಹಿಂದೆ ಸರಿಯುತ್ತಿದ್ದವು. ಅವುಗಳ ತಲೆಯ ಮೇಲೆ ಗಾಳಿಯಂತ್ರಗಳು ಯಾವ ಅವಸರವೂ ಇಲ್ಲದೆ ತಿರುಗುತ್ತಿದ್ದವು. ಗೋಪಿಕಾ ತನ್ನ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಒಂದನ್ನು ಇನ್ನೊಂದರಿಂದ ಒತ್ತಿಕೊಳ್ಳುತ್ತಿದ್ದಳು. ಎಂದೂ ಸುಮ್ಮನಿರದ ಹುಡುಗಿ ಇವತ್ತು ಯಾಕೆ ಮಾತಿಲ್ಲದೆ ಕೂತಿದ್ದಾಳೆ ಎಂದು ವೇದವತಿ ಅಂದುಕೊಂಡಳು, ಕೇಳಲು ಬಾಯಿ ತೆರೆಯುವ ಶ್ರಮ ಬೇಡವೆನಿಸಿ ಬಿಟ್ಟಳು.

ತಮಿಳುನಾಡಿನ ನೆಗಮದ ಆ ಕನ್ನಡ ನೇಕಾರರ ಮನೆಗೆ ಅಕ್ಕ ತಂಗಿ ಇಬ್ಬರನ್ನೂ ತಂದಿದ್ದರು. ಅಣ್ಣ ಅಂಗಪ್ಪನ್‌ಗೆ ವೇದವತಿ, ತಮ್ಮ ಕುಮರೇಶನ್‌ಗೆ ಗೋಪಿಕಾ. ಎರಡು ಅಡುಗೆಮನೆ, ಒಂದು ಪಡಸಾಲೆ, ಪಡಸಾಲೆಯಲ್ಲಿ ಗುಂಡಿ ತೋಡಿ ಹೂಡಿದ ಮಗ್ಗ. ಆರು ವರ್ಷದ ಹಿಂದೆ ಊರಿಗೆಲ್ಲ ಬಂದ ಜ್ವರ ಎಲ್ಲರನ್ನೂ ಬಿಟ್ಟುಹೋಯಿತು, ವೇದವತಿಯನ್ನು ಮಾತ್ರ ಬಿಟ್ಟೂ ಬಿಡದ ಹಾಗೆ ಉಳಿಯಿತು. ಜ್ವರ ಇಲ್ಲ, ಕೆಮ್ಮು ಇಲ್ಲ, ತೋರಿಸಲು ಒಂದು ಗಾಯವಾದರೂ ಇಲ್ಲ. ಒಂದು ದಿನ ಬಟ್ಟೆ ಒಗೆದರೆ ಮೂರು ದಿನ ಎದ್ದು ಕೂರಲಾಗುತ್ತಿರಲಿಲ್ಲ. ಮಾತಾಡುತ್ತಿರುವಾಗಲೇ ಮಾತು ಕೈಜಾರಿ ಹೋಗುತ್ತಿತ್ತು. ಉಪ್ಪು ಹಾಕಿದೆನೇ ಇಲ್ಲವೇ ಎಂದು ಸಾರಿನ ಮುಂದೆ ನಿಂತೇ ಇರುತ್ತಿದ್ದಳು. ಅತ್ತೆ ವಳ್ಳಿಯಮ್ಮ ಕೆಟ್ಟವರಲ್ಲ, ಮೊದಲ ವರ್ಷ ಅವರೇ ಕಷಾಯ ಕಾಸಿ ಕೊಟ್ಟಿದ್ದರು. ಕಷಾಯಕ್ಕೆ ಬಗ್ಗದ ರೋಗವನ್ನು ಅವರು ರೋಗವೆಂದು ಒಪ್ಪಲಿಲ್ಲ, ಅಷ್ಟೆ. "ಒಂದೇ ವಯಿತ್ತಲ್ಲಿ, ಒಂದೇ ಹೊಟ್ಟೇಲಿ ಹುಟ್ಟಿದವ್ರು ತಾನೆ ಇಬ್ರೂ? ಅವ್ಳಿಗಿಲ್ಲದ್ದು ಇವ್ಳಿಗೆ ಎಲ್ಲಿಂದ ಬಂತು? ಎಲ್ಲಾ ನಡಿಪ್ಪು," ಎಂದಿದ್ದರು ಒಂದು ದಿನ, ಪಕ್ಕದ ಮನೆಯವಳ ಮುಂದೆ. ನಟನೆ ಎಂಬುದಕ್ಕೆ ಆ ಮನೆಯಲ್ಲಿ ಬೇರೆ ಮಾತಿರಲಿಲ್ಲ, ಬೀದಿಯ ತಮಿಳು ಮಾತೇ ಇತ್ತು: ನಡಿಪ್ಪು. ಆಮೇಲೆ ಅದು ವೇದವತಿಯ ಇನ್ನೊಂದು ಹೆಸರಿನ ಹಾಗೆ ಮನೆಯಲ್ಲಿ ಓಡಾಡಿಕೊಂಡಿತ್ತು. ಹೀಗೆ ಹೇಳುವಾಗಲೆಲ್ಲ ಗೋಪಿಕಾ ತಲೆ ತಗ್ಗಿಸಿಕೊಂಡು ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿರುತ್ತಿದ್ದಳು. ತಂಗಿಗೆ ತನ್ನ ಪರವಾಗಿ ನೋವಾಗುತ್ತಿದೆ ಎಂದು ವೇದವತಿ ತಿಳಿದಿದ್ದಳು, ಆ ತಗ್ಗಿದ ತಲೆಯನ್ನು ನೋಡಿಯೇ ಎಷ್ಟೋ ಸಂಜೆಗಳನ್ನು ಕಳೆದಿದ್ದಳು.

ಹಾಗಾಗಿ ನಾಲ್ಕು ವರ್ಷದ ಹಿಂದೆ ಕೋಯಮತ್ತೂರಿನ ಆಸ್ಪತ್ರೆಯಲ್ಲಿ ಡಾಕ್ಟರ್ ವಿದ್ಯಾಧೀಶ ಇಂಥ ಸುಸ್ತಿನವರ ಮಿದುಳಿನ ಚಿತ್ರ ತೆಗೆಯುತ್ತಾರಂತೆ, ಎರಡು ವರ್ಷಕ್ಕೊಮ್ಮೆ ಕರೆದು ಮತ್ತೆ ಮತ್ತೆ ತೆಗೆದು ಏನು ಬದಲಾಗುತ್ತದೆಂದು ನೋಡುತ್ತಾರಂತೆ ಎಂದು ಕೇಳಿದಾಗ, ವೇದವತಿ ವಾಸಿಯಾಗುವ ಆಸೆಯಿಂದ ಹೋಗಲಿಲ್ಲ. ಔಷಧ ಇಲ್ಲವೆಂದು ಅವರು ಮೊದಲೇ ಹೇಳಿದ್ದರು. ಅವಳಿಗೆ ಬೇಕಾಗಿದ್ದದ್ದು ಒಂದು ಚಿತ್ರ. ಅತ್ತೆಯ ಮುಂದೆ ಹಿಡಿದು, ನೋಡಿ ಇದು ಇಲ್ಲಿದೆ ಎನ್ನಲು ಒಂದು ಚಿತ್ರ. ಡಾಕ್ಟರ್ ವಿದ್ಯಾಧೀಶ, ಇವಳು ಗಂಡನ ಜೊತೆ ಪಿಸುಗುಟ್ಟಿದ್ದು ಕೇಳಿಸಿಕೊಂಡು, "ಓ, ನೀವೂ ಕನ್ನಡದವ್ರಾ! ನಮ್ಮನೇಲೂ ಕನ್ನಡನೇ, ಓದಕ್ಕೆ ಬರಲ್ಲ ಅಷ್ಟೆ," ಎಂದು ನಕ್ಕಿದ್ದರು. ಪ್ರತಿ ರೋಗಿಯ ಜೊತೆ ಅದೇ ಮನೆಯ, ಅದೇ ರಕ್ತದ ಆರೋಗ್ಯವಂತರು ಒಬ್ಬರು ಬೇಕು, ಇಬ್ಬರ ಚಿತ್ರವನ್ನೂ ಹೋಲಿಸಬೇಕು ಎಂದರು. ಗೋಪಿಕಾ ಒಂದು ಮಾತಿಗೆ ಒಪ್ಪಿಕೊಂಡಳು. ಎರಡನೆಯ ಸಲ ಬಂದಾಗ ಅಂಗಪ್ಪನ್ ತಡೆಯಲಾರದೆ ಕೇಳಿಯೇಬಿಟ್ಟ: ಇವರಿಬ್ಬರದ್ದನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ಏನಾದರೂ ಉಂಟಾ? "ಕಣ್ಣಿಗೆ ಕಾಣೋ ಅಂಥದ್ದು ಏನಿಲ್ಲ. ಆದ್ರೆ ಒಬ್ಬಿಬ್ಬರ ಚಿತ್ರ ನೋಡಿ ಏನೂ ಹೇಳಕ್ಕಾಗಲ್ಲ, ತುಂಬ ಜನರದ್ದು ಸೇರಿಸಿ ನೋಡ್ಬೇಕು," ಎಂದರು ಡಾಕ್ಟರು. ಅಂಗಪ್ಪನ್ ಆ ಮಾತಿನ ಮೊದಲ ಅರ್ಧವನ್ನು ಮಾತ್ರ ಮನೆಗೆ ತಂದ. ಅಂದು ರಾತ್ರಿ ಊಟಕ್ಕೆ ಕೂತಾಗ, "ಇಬ್ಬರ ತಲೆಯೂ ಒಂದೇ ಥರ ಇದೆಯಂತೆ," ಎಂದ, ಬೈಯುವ ದನಿಯಲ್ಲಲ್ಲ, ಒಂದು ಭಾರ ಇಳಿಸಿದವನ ದನಿಯಲ್ಲಿ. ವಳ್ಳಿಯಮ್ಮ ವೇದವತಿಯ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸಿದರು. ಅವಳು ಅದನ್ನು ಉಂಡಳು.

ಅದಾದ ಮೇಲೆ ಬಂದದ್ದು ಸೀರೆಯ ವಿಷಯ. ಮಗ್ಗದ ಮೇಲೆ ಹಳೆಯ ಹಾಸಿನ ಉದ್ದನೆಯ ಎಳೆಗಳು ಮುಗಿದಾಗ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಒಂದೊಂದು ಎಳೆಗೆ, ಬೆರಳಿಗೆ ಬೂದಿ ಮುಟ್ಟಿಸಿಕೊಂಡು, ಹೊಸೆದು ಸೇರಿಸಬೇಕು. ಸಾವಿರಾರು ಎಳೆ, ಆದರೆ ಕೂತು ಮಾಡುವ ಕೆಲಸ. ವೇದವತಿಗೆ ಉಳಿದಿದ್ದ ಒಂದೇ ಕೆಲಸ ಅದು. ಒರಗಲು ಸಿಗುತ್ತದೆಂದು ಅವಳು ಗೋಡೆಯ ಕಡೆ ಕೂರುತ್ತಿದ್ದಳು, ಗೋಪಿಕಾ ಬಾಗಿಲ ಕಡೆ. ನಡುವಿನಿಂದ ಶುರುಮಾಡಿ ಇಬ್ಬರೂ ತಮ್ಮ ತಮ್ಮ ಅಂಚಿನವರೆಗೆ ಹೋಗುತ್ತಿದ್ದರು. ಅಪ್ಪನ ಮನೆಯಲ್ಲೂ ಹೀಗೇ ಕೂರುತ್ತಿದ್ದರು, ಮಾತು ಮುಗಿಯುವ ಮೊದಲು ಎಳೆ ಮುಗಿಯುತ್ತಿತ್ತು. ಧಾರಾಪುರದ ಒಂದು ಮದುವೆಗೆಂದು ಸಾಸಿವೆ ಬಣ್ಣದ ಒಡಲಿಗೆ ಕಡುಗೆಂಪು ಚೌಕಳಿಯ ಸೀರೆಗಳು. ಒಂದು ಮೊಳ ನೇಯ್ದ ಮೇಲೆ ಅಂಗಪ್ಪನ್ ಮಗ್ಗ ನಿಲ್ಲಿಸಿದ. ಎಳೆ ದಾಟಿತ್ತು: ಕೆಂಪಿಗೆ ಸಾಸಿವೆ, ಸಾಸಿವೆಗೆ ಕೆಂಪು, ಒಂದು ಕಡೆ ಗೆರೆಯೆಲ್ಲ ಕಲಸಿಹೋಗಿತ್ತು. ಯಾರು ಎಂದು ಯಾರೂ ಕೇಳಲಿಲ್ಲ. ಕೇಳುವ ಅಗತ್ಯ ಯಾರಿಗೂ ಕಾಣಲಿಲ್ಲ, ವೇದವತಿಗೂ ಕಾಣಲಿಲ್ಲ. ಉಪ್ಪು ಹಾಕಿದ್ದು ಮರೆಯುವವಳು ಎಳೆ ಮರೆಯದಿರುತ್ತಾಳೆಯೇ? "ಇನ್ಮೇಲೆ ನೀನು ಎಳೆ ಮುಟ್ಬೇಡಮ್ಮಾ," ಎಂದರು ಅತ್ತೆ, ಆ 'ಅಮ್ಮಾ' ಹೊಡೆತಕ್ಕಿಂತ ಹೆಚ್ಚು ಅವಳನ್ನು ನೋಯಿಸಿತು. ಅಂದಿನಿಂದ ಎರಡು ಕಡೆಯನ್ನೂ ಗೋಪಿಕಾ ಒಬ್ಬಳೇ ಸೇರಿಸುತ್ತಿದ್ದಳು. ವೇದವತಿ ಒಳಗಿನ ಚಾಪೆಯ ಮೇಲಿಂದ ಅವಳ ಬೆನ್ನನ್ನು ನೋಡುತ್ತ, ನನ್ನ ಪಾಲಿನದನ್ನೂ ಮಾಡುತ್ತಿದ್ದಾಳೆ, ಪಾಪದ ಹುಡುಗಿ ಎಂದು ಮನಸ್ಸಿನಲ್ಲೇ ಕೈಮುಗಿದಿದ್ದಳು.

ಆಸ್ಪತ್ರೆಯಲ್ಲಿ ಈ ಕೆಲಸ ನೋಡಿಕೊಳ್ಳುವ ಅಭಿನಯಾ ಎಂಬ ಹುಡುಗಿ ಬಾಗಿಲಲ್ಲೇ ಕಾದಿದ್ದಳು. "ವಾಂಗಕ್ಕಾ, ವಾಂಗ. ಸಾಪ್ಟೀಂಗಳಾ?" ಎಂದು ಬರಮಾಡಿಕೊಂಡು, ತಿಂಡಿ ಆಯಿತೇ ಎಂದು ಕೇಳಿ, ಇಬ್ಬರಿಗೂ ನೀರು ಕೊಟ್ಟಳು. ಪ್ರತಿ ಸಲದ ಹಾಗೆ ಒಬ್ಬೊಬ್ಬರನ್ನಾಗಿ ಒಳಗೆ ಕೂರಿಸಿಕೊಂಡು ನಿದ್ದೆ, ನೋವು, ಮರೆವು ಎಂದು ಪ್ರಶ್ನೆ ಕೇಳುವುದು. ಈ ಸಲ ಕೈಯ ಬಲ ಅಳೆಯುವ ಒಂದು ಹಿಡಿ ಕೊಟ್ಟು ಮತ್ತೆ ಮತ್ತೆ ಒತ್ತಿಸುವುದು ಹೊಸದು. ಕೊನೆಗೆ ಮಣಿಕಟ್ಟಿಗೆ ಕಾಗದದ ಪಟ್ಟಿ ಸುತ್ತುವುದು: ರೋಗಿಗೆ ಹಳದಿ, ಆರೋಗ್ಯವಂತರಿಗೆ ಬಿಳಿ. ವೇದವತಿಯದು ಬೇಗ ಮುಗಿಯಿತು. ಗೋಪಿಕಾ ಒಳಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ಬಂದಾಗ ಮುಖ ತೊಳೆದುಕೊಂಡಿದ್ದಳು, ಗಾಜಿನ ಬಳೆಗಳನ್ನೆಲ್ಲ ಮಣಿಕಟ್ಟಿಗೆ ಒತ್ತಿ ಸೆರಗು ಹೊದ್ದಿದ್ದಳು. ಎ.ಸಿ.ಯ ಚಳಿಗೆ ಇರಬೇಕು ಎಂದುಕೊಂಡಳು ವೇದವತಿ. ಯಂತ್ರದೊಳಗೆ ಲೋಹ ಹೋಗಬಾರದು, ಆದರೆ ಕೊರಳು ಬರಿದಾಗಿಯೂ ಇರಬಾರದು. ಅದಕ್ಕೆಂದು ಅರಿಶಿನದ ದಾರವನ್ನು ಮನೆಯಿಂದಲೇ ತಂದಿದ್ದರು. ಒಬ್ಬಳ ತಾಳಿಸರ ಬಿಚ್ಚುವ ಮೊದಲು ಇನ್ನೊಬ್ಬಳು ಅವಳ ಕೊರಳಿಗೆ ದಾರ ಕಟ್ಟುವುದು, ಬಿಚ್ಚಿದ ಚಿನ್ನ, ಮೂಗುತಿ, ಕಾಲುಂಗುರಗಳನ್ನು ಕರವಸ್ತ್ರದಲ್ಲಿ ಗಂಟು ಹಾಕಿ ಮಡಿಲಲ್ಲಿಟ್ಟುಕೊಂಡು ಕಾಯುವುದು. ಆರೋಗ್ಯವಂತರದ್ದು ಮೊದಲು. ವೇದವತಿ ತಂಗಿಯ ಕೊರಳಿಗೆ ದಾರ ಕಟ್ಟಿದಳು. ಕತ್ತಿನ ಹಿಂಭಾಗ ಬೆವರಿತ್ತು. "ಭಯನಾ?" ಎಂದಳು. ಗೋಪಿಕಾ ತಲೆಯಾಡಿಸಿದಳು, ಹೌದೋ ಅಲ್ಲವೋ ತಿಳಿಯಲಿಲ್ಲ.

ಚಿತ್ರ ತೆಗೆಸಿಕೊಂಡು ಗೋಪಿಕಾ ಹೊರಬಂದದ್ದು ಗೋಡೆ ಹಿಡಿದುಕೊಂಡು. ಬೆಂಚಿನ ಮೇಲೆ ಕೂತವಳು ಸರ ತೊಡಿಸಲಿ ಎಂದು ಕೊರಳು ಬಗ್ಗಿಸಿದಳು. ಕೊಂಡಿ ಹಾಕಿ ಮುಗಿಸಿ, ಬಳೆಗಳೆಲ್ಲ ಒಂದರ ಮೇಲೊಂದು ಏರಿಕೊಂಡಿವೆಯಲ್ಲ, ಕೈಗೆ ಒತ್ತುತ್ತಿರಬೇಕು ಎಂದು ವೇದವತಿ ಅವನ್ನು ಮೊಣಕೈಯತ್ತ ಸರಿಸಿದಳು. ಚಿಕ್ಕಂದಿನಿಂದ ಅವಳ ಬಳೆ ಸರಿಮಾಡಿದ ಕೈ, ಯೋಚಿಸಿ ಮಾಡಿದ್ದಲ್ಲ. ಬಳೆಗಳ ಕೆಳಗೆ ಕಾಗದದ ಪಟ್ಟಿ ಇತ್ತು. ಹಳದಿ. ವೇದವತಿ ತನ್ನ ಕೈಯನ್ನು ಅದರ ಪಕ್ಕಕ್ಕೆ ತಂದು ನೋಡಿದಳು. ಎರಡೂ ಒಂದೇ ಹಳದಿ. ಅಭಿನಯಾ ತಪ್ಪಿ ಕಟ್ಟಿದಳೇನೋ ಎಂದು ಬಾಯಿಗೆ ಬಂತು, ಆದರೆ ಗೋಪಿಕಾ ಕೈಯನ್ನು ಎಳೆದುಕೊಂಡ ವೇಗ ಆ ಮಾತನ್ನು ಅಲ್ಲಿಯೇ ನಿಲ್ಲಿಸಿತು. ತಪ್ಪಿ ಕಟ್ಟಿದ್ದನ್ನು ಯಾರೂ ಹಾಗೆ ಅಡಗಿಸುವುದಿಲ್ಲ. ಆಗಲೇ ಒಳಗಿನಿಂದ ವೇದವತಿಯ ಹೆಸರು ಕೂಗಿದರು. ತಂಗಿ ಎದ್ದು ಅಕ್ಕನ ಕೊರಳಿಗೆ ಅರಿಶಿನದ ದಾರ ಕಟ್ಟಬೇಕಾಗಿತ್ತು, ಎದ್ದಳು, ಕಟ್ಟಿದಳು. ಗಂಟು ಹಾಕುವ ಬೆರಳು ಎರಡು ಸಲ ಜಾರಿತು. ವೇದವತಿ ತನ್ನ ಚಿನ್ನವನ್ನು ಅವಳ ಕೈಗೆ ಕೊಡದೆ ಅಭಿನಯಾಳ ಕೈಗೆ ಕೊಟ್ಟು ಒಳಗೆ ಹೋದಳು.

"ಅಲುಗಬಾರದು ಅಕ್ಕಾ, ಅಲುಗಿದರೆ ಚಿತ್ರ ಕೆಡುತ್ತದೆ," ಎಂದು ತಮಿಳಿನಲ್ಲಿ ಹೇಳಿ, ತಲೆಯ ಎರಡು ಬದಿಗೂ ಮೆತ್ತೆ ತುರುಕಿ, ಅವಳನ್ನು ಯಂತ್ರದೊಳಕ್ಕೆ ಸರಿಸಿದರು. ಮೇಲಿನ ಪುಟ್ಟ ಕನ್ನಡಿಯಲ್ಲಿ ಕೂಡುವ ಗುರುತೊಂದು ಕಾಣುತ್ತಿತ್ತು. ಅದನ್ನೇ ನೋಡುತ್ತಿರಬೇಕು, ಏನನ್ನೂ ಯೋಚಿಸಬಾರದು. ಈ ಸದ್ದಿಗೆ ಜನ ಹೆದರುತ್ತಾರಂತೆ. ಮಗ್ಗದ ಮನೆಯಲ್ಲಿ ಹುಟ್ಟಿದವಳಿಗೆ ಅದೇನೂ ದೊಡ್ಡದಲ್ಲ. ಹಿಂದಿನ ಎರಡು ಸಲ ಅವಳು ಅಲ್ಲಿ ನೆಮ್ಮದಿಯಾಗಿಯೇ ಮಲಗಿದ್ದಳು, ಮಲಗಿರು ಎಂದು ಜಗತ್ತು ಅವಳಿಗೆ ಹೇಳುತ್ತಿದ್ದ ಒಂದೇ ಜಾಗ ಅದು. ಇವತ್ತು ಏನನ್ನೂ ಯೋಚಿಸದಿರುವುದು ಆಗಲಿಲ್ಲ. ಹಳದಿ ಯಾವಾಗಿನಿಂದ? ಇವತ್ತು ಹಳದಿಯಾದವಳು ನಿನ್ನೆ ಬಿಳಿಯಾಗಿದ್ದಳೇ? ಎರಡು ವರ್ಷದ ಹಿಂದೆ, ಇಬ್ಬರ ತಲೆಯೂ ಒಂದೇ ಥರ ಇದೆ ಎಂದಾಗ? ಒಂದೇ ಥರ ಎಂದರೆ ಇವಳಿಗೆ ಏನೂ ಇಲ್ಲ ಎಂದು ಮನೆಯವರೆಲ್ಲ ಅರ್ಥ ಮಾಡಿಕೊಂಡಿದ್ದರು, ಅವಳೂ ಒಂದೊಂದು ರಾತ್ರಿ ಹಾಗೆಯೇ ನಂಬಿ, ನಾನು ಸೋಂಬೇರಿಯೇ ಇರಬೇಕು ಎಂದು ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಿದ್ದಳು. ಒಂದೇ ಥರ ಎಂಬುದಕ್ಕೆ ಇನ್ನೊಂದು ಅರ್ಥವೂ ಇರಬಹುದಿತ್ತು: ಇಬ್ಬರಿಗೂ ಅದೇ ಇದೆ ಎಂದು. ಅದು ತಿಳಿದಿದ್ದವಳು ಊಟದ ಸಾಲಿನಲ್ಲಿ ತನ್ನ ಪಕ್ಕದಲ್ಲೇ ಕೂತು ಮಜ್ಜಿಗೆ ಕಲಸಿಕೊಳ್ಳುತ್ತಿದ್ದಳು. ಯಂತ್ರ ಬಡಿಯುತ್ತಿತ್ತು. ಅದು ನಿಂತಾಗ, ಯಾವ ಕಾರಣವೂ ಇಲ್ಲದೆ, ನಿಂತ ಮಗ್ಗ ಕಣ್ಣ ಮುಂದೆ ಬಂತು: ಅಂಗಪ್ಪನ್ ಲಾಳಿ ಕೆಳಗಿಟ್ಟು ಬಗ್ಗಿ ಕಲಸಿಹೋದ ಗೆರೆಯ ಮೇಲೆ ಬೆರಳಿಟ್ಟಿದ್ದಾನೆ, ಅತ್ತೆ ಮುಂದಕ್ಕೆ ಬಾಗಿದ್ದಾರೆ, ಅವನ ಉಗುರು ಹೊಳೆಯುತ್ತಿದೆ. ಉಗುರು ಹೊಳೆಯುತ್ತಿರುವುದು ಬಿಸಿಲಿಗೆ. ಆ ಪಡಸಾಲೆಯಲ್ಲಿ ಬಿಸಿಲು ಬರುವುದು ಬಾಗಿಲಿನಿಂದ, ಬೀಳುವುದು ಬಾಗಿಲ ಕಡೆಯ ಅಂಚಿನ ಮೇಲೆ ಮಾತ್ರ. ಗೋಡೆಯ ಕಡೆ ಮಧ್ಯಾಹ್ನದಲ್ಲೂ ದೀಪ ಬೇಕು. ಎರಡು ವರ್ಷ ಅವಳು ಆ ಬೆರಳನ್ನು ನೆನೆದು ನೆನೆದು ನಾಚಿದ್ದಳು, ಅದು ಎಲ್ಲಿತ್ತೆಂದು ಒಂದು ಸಲವೂ ನೋಡಿರಲಿಲ್ಲ. ಕೂಗಿಕೊಳ್ಳಬೇಕೆನಿಸಿತು. ಅಲುಗಿದರೆ ಚಿತ್ರ ಕೆಡುತ್ತದೆ ಎಂದಿದ್ದರು. ಅವಳು ಅಲುಗಲಿಲ್ಲ, ಕಣ್ಣೀರು ಕಿವಿಯತ್ತ ಹರಿದು ಮೆತ್ತೆಯಲ್ಲಿ ಇಂಗಿತು.

ಹಿಂತಿರುಗುವಾಗ ಕಾರು ಈಚನಾರಿ ದಾಟಿತು. ಡ್ರೈವರಿಗೆ ಕನ್ನಡ ಬಾರದು, ಅವನು ರೇಡಿಯೋ ಹಾಕಿಕೊಂಡಿದ್ದ.

"ಯಾವಾಗಿಂದ?" ಎಂದಳು ವೇದವತಿ, ಕಿಟಕಿಯತ್ತಲೇ ನೋಡುತ್ತ.

"ಹೋದ ಸಲ ಬಂದಾಗ್ಲೇ ಇತ್ತಕ್ಕಾ. ಮೊದ್ಲು ಸುಮ್ನೆ ಅಸದಿ, ಸುಸ್ತು, ಮನೆ ವೇಲೆ ಮಗ್ಗದ ವೇಲೆ ಜಾಸ್ತಿ ಅಂದ್ಕೊಂಡೆ. ಆಮೇಲೆ ಗೊತ್ತಾಯ್ತು. ನಿನ್ನ ದಿನಾ ನೋಡ್ತಿದ್ದವ್ಳಿಗೆ ಗೊತ್ತಾಗ್ದೆ ಇರುತ್ತಾ?"

"ಆಗ ಕೇಳಿದ್ರಲ್ಲ, ಒಳಗೆ ಕೂರಿಸ್ಕೊಂಡು."

"ನಲ್ಲಾ ಇದೀನಿ, ನಂಗೇನೂ ಇಲ್ಲ ಅಂದೆ." ಗೋಪಿಕಾ ತನ್ನ ಅಂಗೈ ನೋಡಿಕೊಂಡಳು. "ಇವತ್ತು ಆ ಹಿಡಿ ಒತ್ತೋದು ಕೊಟ್ರಲ್ಲ. ಸ್ವಲ್ಪ ಹೊತ್ತಿಗೇ ಕೈ ಬಿದ್ದೋಯ್ತು. ಆ ಹುಡುಗಿ, ಅಕ್ಕಾ ನಿಜ ಸೊಲ್ಲುಂಗ ಅಂದ್ಲು. ಅವ್ಳು ಹಾಗೆ ಕೇಳಿದ್ಕೂಡ್ಲೇ ಅಳು ಬಂದ್ಬಿಡ್ತು. ಎಲ್ಲಾ ಹೇಳ್ಬಿಟ್ಟೆ."

"ಅವ್ಳಿಗೆ ಹೇಳ್ದೆ."

"ಅಕ್ಕಾ, ಒಂದು ಮನೇಲಿ ಅಕ್ಕ ತಂಗಿ ಇಬ್ರೂ ಬಿದ್ದೋದ್ರೆ, ಅಪ್ಪನ ಮನೆ ರತ್ತವೇ ಕೆಟ್ಟದ್ದು ಅಂತಾರೆ. ನಾಳೆ ನನ್ ಮಗಳನ್ನ ಯಾರು ತಗೋತಾರೆ ಹೇಳು? ನಿನಗೆ ಹೇಗೂ ಆ ಕೆಟ್ಟ ಪೇರು ಬಂದಾಗಿತ್ತು."

ಹೇಗೂ ಬಂದಾಗಿತ್ತು. ಒದ್ದೆಯಾದ ಸೀರೆಯ ಮೇಲೆ ಇನ್ನೊಂದು ಕೊಡ ನೀರು ಬಿದ್ದರೇನು ಎಂಬಂತೆ ಹೇಳಿದಳು. ಮಗಳ ಮಾತಂತೂ ಸುಳ್ಳಲ್ಲ. ಆ ಮನೆಯ ಒಂದೇ ಮಗು ಅದು, ನಾಮಕರಣದ ದಿನ ವೇದವತಿಯ ಮಡಿಲಲ್ಲೇ ಇಟ್ಟು ಹೆಸರು ಕೂಗಿದ್ದರು. ಅದಕ್ಕೇ ಮಗಳ ಮಾತು ಬಿಟ್ಟು ಅವಳು ಕೇಳಿದಳು:

"ಆ ಧಾರಾಪುರದ ಸೀರೆ ಬಾಗಿಲ ಕಡೆ ತಾನೆ ಕೆಟ್ಟಿದ್ದು?"

ರೇಡಿಯೋದಲ್ಲಿ ಯಾರೋ ನಗುತ್ತಿದ್ದರು. ಗೋಪಿಕಾ, "ನನಗೂ ಮೊದ್ಲು ಗೊತ್ತಿರ್ಲಿಲ್ಲ ಅಕ್ಕಾ, ಸತ್ಯ. ಆಮೇಲೇ ಗೊತ್ತಾಗಿದ್ದು," ಎಂದಳು.

"ಆಮೇಲೆ ಅಂದ್ರೆ ಯಾವಾಗ?"

"ಅತ್ತೆ ನಿನಗೆ ಎಳೆ ಮುಟ್ಬೇಡ ಅಂತಿರುವಾಗ."

ತಲೆ ತಗ್ಗಿಸಿ ಕಂಡಿಕೆ ಸುತ್ತುತ್ತಿದ್ದ ತಂಗಿ. ಆ ತಗ್ಗಿದ ತಲೆಯೊಳಗೆ ಏನಿತ್ತೆಂದು ಈಗ ಗೊತ್ತಾಯಿತು, ಅದಕ್ಕೆ ಯಾವ ಯಂತ್ರವೂ ಬೇಕಾಗಲಿಲ್ಲ. ವೇದವತಿಗೆ ಸಿಟ್ಟು ಬರಲಿಲ್ಲ, ಬಂದಿದ್ದರೆ ಚೆನ್ನಾಗಿತ್ತು. ಆರು ವರ್ಷ ಈ ಸುಸ್ತಿನ ಊರಿನಲ್ಲಿ ತಾನೊಬ್ಬಳೇ ಎಂದುಕೊಂಡು ಬದುಕಿದ್ದಳು. ಅದರಲ್ಲಿ ಕೊನೆಯ ಎರಡು ವರ್ಷ ಪಕ್ಕದ ಕೋಣೆಯಲ್ಲೇ ಇನ್ನೊಬ್ಬಳಿದ್ದಳು, ಬಾಗಿಲು ತಟ್ಟಲಿಲ್ಲ. ಒಂದೇ ಒಂದು ರಾತ್ರಿ ಬಂದು, ಅಕ್ಕಾ ನನಗೂ ಹೀಗೇ ಆಗ್ತಿದೆ ಎಂದಿದ್ದರೆ ಸಾಕಿತ್ತು, ಊರಿಗೆ ಹೇಳಬೇಕಾಗಿರಲಿಲ್ಲ, ಬೈಗುಳವನ್ನೆಲ್ಲ ವೇದವತಿ ತಾನೇ ಹೊತ್ತುಕೊಂಡಿರುತ್ತಿದ್ದಳು. ಈಗ ಮನೆಯಲ್ಲಿ ಹೇಳಿದರೆ ಏನಾಗುತ್ತದೆ ಎಂಬುದೂ ಅವಳಿಗೆ ಕಾಣುತ್ತಿತ್ತು. ನಂಬುತ್ತಾರೆ. ಗೋಪಿಕಾಳನ್ನು ಒಂದೇ ಮಾತಿಗೆ ನಂಬುತ್ತಾರೆ, ಅಯ್ಯೋ ದುಡಿದು ದುಡಿದು ಹೀಗಾದಳು ಎನ್ನುತ್ತಾರೆ, ಕಷಾಯ ಕಾಸುತ್ತಾರೆ. ಆಮೇಲೆ, ಬೇಕಾದರೆ, ತನ್ನನ್ನೂ ನಂಬುತ್ತಾರೆ. ತಂಗಿಯ ರೋಗ ನಿಜವಾದ ಮೇಲೆ ಅದರ ಬಾಲ ಹಿಡಿದು ತನ್ನದೂ ನಿಜವಾಗಬೇಕು. ಅಂಥ ನಂಬಿಕೆ ತನಗೆ ಬೇಡ ಎಂದು ವೇದವತಿಗೆ ಅನಿಸಿತು.

"ಮನೇಲಿ ಸದ್ಯಕ್ಕೆ ಹೇಳ್ಬೇಡಕ್ಕಾ," ಎಂದಳು ಗೋಪಿಕಾ, ಕೈಯ ಹಳದಿ ಪಟ್ಟಿಯನ್ನು ಹಲ್ಲಿನಿಂದ ಕಿತ್ತು ಕಿಟಕಿಯಾಚೆ ಎಸೆಯುತ್ತ.

ಮನೆಗೆ ಬಂದಾಗ ಸಂಜೆಯ ಬಿಸಿಲು ಪಡಸಾಲೆಯೊಳಗೆ ಅರ್ಧ ಬಂದಿತ್ತು. ಅಂಗಪ್ಪನ್ ಮಧ್ಯಾಹ್ನವೇ ಹಾಸು ಮುಗಿಸಿ, ಹೊಸ ಹಾಸನ್ನು ಬಿಗಿದು ಕಟ್ಟಿ, ನೂಲು ತರಲು ಹೊರಗೆ ಹೋಗಿದ್ದ. ಬೂದಿಯ ಬಟ್ಟಲು ಮಗ್ಗದ ಪಕ್ಕದಲ್ಲಿ ಕಾದಿತ್ತು. "ಮಿಶಿನ್ ಏನಂತಮ್ಮಾ ಈ ಸಲ?" ಎಂದು ವಳ್ಳಿಯಮ್ಮ ಕೇಳಿದರು. ಗೋಪಿಕಾ ಅಕ್ಕನ ಮುಖವನ್ನೇ ನೋಡುತ್ತಿದ್ದಳು, ಚಿಕ್ಕಂದಿನಲ್ಲಿ ಮಡಕೆ ಒಡೆದು ನಿಂತಾಗ ನೋಡುತ್ತಿದ್ದ ಹಾಗೆ.

"ಅದೇ. ಇಬ್ರದ್ದೂ ಒಂದೇ ಥರ ಇದೆ," ಎಂದಳು ವೇದವತಿ.

ಅತ್ತೆ ನಿಟ್ಟುಸಿರು ಬಿಟ್ಟು, "ಸರಿ, ನೀನು ಹೋಗಿ ಮಲ್ಕೋ. ಗೋಪಿ, ನೇರ ಆಯ್ತು, ಕತ್ತಲಾಗುತ್ತೆ, ಎಳೆ ಸೇರ್ಸು, ಬೆಳಿಗ್ಗೆ ಅವ್ನು ಮಗ್ಗಕ್ಕೆ ಕೂರ್ಬೇಕು," ಎಂದು ಹಿತ್ತಲಿಗೆ ಹೋದರು. ವೇದವತಿ ಒಳಗೆ ಹೋಗಿ ಚಾಪೆ ಹಾಸಿಕೊಂಡಳು. ನಾಳೆ, ನಾಡಿದ್ದು ಏಳಲಾಗುವುದಿಲ್ಲ, ಅದು ಗೊತ್ತೇ ಇತ್ತು. ಆದರೆ ಆ ಹೊತ್ತಿಗೆ ಮೈಯಲ್ಲಿ ಎಲ್ಲಿಂದಲೋ ಒಂದು ಶಕ್ತಿ ಇತ್ತು, ಬೆರಳುಗಳು ಬೆಚ್ಚಗಿದ್ದವು, ತಲೆ ತೊಳೆದಿಟ್ಟ ಪಾತ್ರೆಯ ಹಾಗಿತ್ತು. ಅಂಥ ಹೊತ್ತು ವರ್ಷದಲ್ಲಿ ಎರಡೋ ಮೂರೋ ಬರುತ್ತಿತ್ತು. ಪಡಸಾಲೆಯಿಂದ ಸದ್ದಿಲ್ಲ, ಎಳೆ ಸೇರಿಸುವ ಕೆಲಸಕ್ಕೆ ಸದ್ದಿರುವುದಿಲ್ಲ. ಬೂದಿಯ ಬಟ್ಟಲು ಒಮ್ಮೆ ನೆಲಕ್ಕೆ ತಾಗಿತು. ಆಮೇಲೆ ಗೋಪಿಕಾ ಹೊಸ್ತಿಲ ಬಳಿ ಬಂದು ನಿಂತದ್ದು ಬೆಳಕು ಮರೆಯಾದದ್ದರಿಂದ ತಿಳಿಯಿತು.

"ಅಕ್ಕಾ. ಕೈ ಓಡ್ತಿಲ್ಲ. ಕಣ್ಣು ಕಟ್ಟುತ್ತೆ. ಗೋಡೆ ಕಡೆ ನೀನು ಕೂರ್ತೀಯಾ? ಅತ್ತೆಗೆ ನಾ ಹೇಳ್ತೀನಿ."

ಈ ಮಾತಿಗಾಗಿ ಅವಳು ಎರಡು ವರ್ಷ ಕಾದಿದ್ದಳು. ಗೋಡೆಯ ತಂಪು, ಬೆರಳ ತುದಿಯಲ್ಲಿ ಬೂದಿಯ ನಯ, ಹಳೆಯ ಎಳೆ ಹೊಸ ಎಳೆಯನ್ನು ಹಿಡಿಯುವ ಆ ಚಿಕ್ಕ ಬಿಗಿ, ಎಲ್ಲ ಮೈಗೆ ಬಂತು. ಏಳಲು ಏನೂ ತಡೆಯಿರಲಿಲ್ಲ. ಅವಳು ಕಣ್ಣು ಮುಚ್ಚಿಕೊಂಡು ಗೋಡೆಯತ್ತ ಹೊರಳಿದಳು, ನಿದ್ದೆ ಹತ್ತಿದವರ ಹಾಗೆ ಉಸಿರನ್ನು ಉದ್ದಕ್ಕೆ ಎಳೆದು ಬಿಟ್ಟಳು, ಮತ್ತೆ ಎಳೆದಳು.

"ಅವ್ಳನ್ನ ಯಾಕೆ ಎಬ್ಬಿಸ್ತೀಯ ಗೋಪಿ, ಅವ್ಳು ಏಳಲ್ಲ. ಎಲ್ಲಾ ನಡಿಪ್ಪು," ಎಂದರು ವಳ್ಳಿಯಮ್ಮ ಹಿತ್ತಲಿನಿಂದ.

ಆರು ವರ್ಷದಲ್ಲಿ ಅಂದು ಮೊದಲ ಸಲ ಅವರು ಹೇಳಿದ್ದು ನಿಜವಾಗಿತ್ತು. ಗೋಪಿಕಾ ಇನ್ನೂ ಸ್ವಲ್ಪ ಹೊತ್ತು ಹೊಸ್ತಿಲಲ್ಲೇ ನಿಂತಿದ್ದಳು. ಆಮೇಲೆ ಬೆಳಕು ಮತ್ತೆ ಕೋಣೆಯೊಳಗೆ ಬಂತು.